ಬಸುರಿಯರ ರಕ್ತಪರೀಕ್ಷೆ: ಬಾಗಲಕೋಟೆಯ ಒಂದು ಅಧ್ಯಾಯ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸರಕಾರಿ ದವಾಖಾನೆಗಳಲ್ಲಿ ಇಂದು ಬಸುರಿಯರಿಗೆ ಹಿಮೋಗ್ಲೋಬಿನ್ ನೋಡುವ ಹಾಗೆಯೇ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಇಪ್ಪತ್ತೈದು ವರ್ಷಗಳ ಹಿಂದೆ ಹೀಗಿರಲಿಲ್ಲ. ಕೆಲವರ ರಕ್ತದ ಪರೀಕ್ಷೆಯೇನೋ ಆಗಲೂ ನಡೆಯುತ್ತಿತ್ತು. ಅದು ಅವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

1998ರಲ್ಲಿ ದೇಶದಾದ್ಯಂತ ಕಾವಲು ಸಮೀಕ್ಷೆ ಶುರುವಾಯಿತು. ಆಯ್ದ ಆಸ್ಪತ್ರೆಗಳಲ್ಲಿ ಸಿಫಿಲಿಸ್ ಪರೀಕ್ಷೆಗೆಂದು ತೆಗೆದು ಉಳಿದ ರಕ್ತದಿಂದ ಹೆಸರು ಕಿತ್ತುಹಾಕಿ, ಅದರಲ್ಲಿ ಎಚ್‌ಐವಿ ಹುಡುಕುತ್ತಿದ್ದರು. ರೋಗ ಎಲ್ಲಿ ಎಷ್ಟು ಹಬ್ಬಿದೆ ಎಂದು ಸರಕಾರಕ್ಕೆ ತಿಳಿಯುತ್ತಿತ್ತು, ರಕ್ತ ಕೊಟ್ಟವಳಿಗೆ ಏನೂ ತಿಳಿಯುತ್ತಿರಲಿಲ್ಲ. ಈಗ ಕೇಳಿದರೆ ಅನ್ಯಾಯವೆನಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಬರೆದ ಸೂತ್ರಗಳಲ್ಲಿ ಒಂದು ಹೀಗಿದೆ: ಪತ್ತೆಯಾದ ರೋಗಕ್ಕೆ ಒಪ್ಪಿತ ಚಿಕಿತ್ಸೆ ಇರಬೇಕು. ಆಗ ಬಡವರ ಕೈಗೆಟುಕುವ ಮದ್ದು ಇರಲಿಲ್ಲ. ಸುದ್ದಿ ಹೊರಬಿದ್ದರೆ ಮನೆಯಿಂದ ಹೊರಬೀಳುವ ಭಯ ಮಾತ್ರ ಇತ್ತು.

1997ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯನ್ನು ಭಾರತ-ಕೆನಡಾ ಸಹಯೋಗದ ಏಡ್ಸ್ ಯೋಜನೆ ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. 2003ರಲ್ಲಿ ಜನರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು! ಏಡ್ಸ್ ದೊಡ್ಡ ಶಹರಗಳ ರೋಗವೆಂದು ನಂಬಿದ್ದವರಿಗೆ ಇದು ನುಂಗಲಾರದ ಮಾತಾಯಿತು. ಬಡತನ, ದುಡಿಮೆಗಾಗಿ ಗುಳೆ, 1982ರ ನಿಷೇಧ ಕಾಯ್ದೆಯ ನಂತರವೂ ಅಳಿಯದ ದೇವದಾಸಿ ಪದ್ಧತಿ ಎಲ್ಲವೂ ಇದರ ಹಿಂದಿದ್ದವು. ಒಂದು ಸಮುದಾಯದ ಹೆಂಗಸರ ತಲೆಗೇ ಇದನ್ನು ಕಟ್ಟಿ ಉಳಿದವರು ಕೈತೊಳೆದುಕೊಳ್ಳುವಂತಿರಲಿಲ್ಲ.

ಅಷ್ಟರಲ್ಲಿ ದೂರದ ಉಗಾಂಡದಿಂದ ಒಂದು ಸುದ್ದಿ ಬಂದಿತ್ತು. ಹೆರಿಗೆ ನೋವು ಬಂದಾಗ ತಾಯಿಗೆ ನೆವಿರಪಿನ್‌ನ ಒಂದೇ ಮಾತ್ರೆ, ಹುಟ್ಟಿದ ಕೂಸಿಗೆ ಒಂದು ಗುಟುಕು ಔಷಧ ಕೊಟ್ಟರೆ, ಮಗುವಿಗೆ ಸೋಂಕು ತಗಲುವುದು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ ಎಂದು 1999ರಲ್ಲಿ ಅಲ್ಲಿನ ಪ್ರಯೋಗ ತೋರಿಸಿತು. ಮದ್ದು ಅಗ್ಗ, ಕೊಡುವುದೂ ಸುಲಭ. ಇನ್ನು ತಾಯಿಗೆ ಹೇಳದಿರಲು ಕಾರಣ ಉಳಿಯಲಿಲ್ಲ. 2002ರ ಸುಮಾರಿಗೆ ನಮ್ಮ ದೇಶದಲ್ಲೂ ಬಸುರಿಯರಿಗೆ ಪರೀಕ್ಷೆ, ಸಲಹೆ, ಮಾತ್ರೆ ಕೊಡುವ ಕಾರ್ಯಕ್ರಮ ಬಂತು.

ಹಾಗಾದರೆ ಎಲ್ಲರನ್ನೂ ಪರೀಕ್ಷಿಸಿಬಿಡಬಾರದೇ? ಮದುವೆಗೆ ಮೊದಲೇ ಕಡ್ಡಾಯ ಮಾಡಬೇಕೆಂದು 2006ರಲ್ಲಿ ಗೋವಾ ಸರಕಾರ ಹೊರಟಿತ್ತು. ನಿಕಾಹ್‌ಗೆ ಮುನ್ನ ಚೀಟಿ ತರಿಸಿದರೇನು ತಪ್ಪು ಎಂದು ನಮ್ಮಲ್ಲೂ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗೆ ಸುಳ್ಳು ಫಲಿತಾಂಶ ಕೊಡುವ ಪರೀಕ್ಷೆ ಇದೆಯೆನ್ನಿ. ಸಾವಿರಕ್ಕೆ 30 ಸೋಂಕಿತರಿರುವ ಕಡೆ 30 ನಿಜ, 10 ಸುಳ್ಳು. ಸಾವಿರಕ್ಕೆ ಒಬ್ಬನೇ ಇರುವಲ್ಲಿ ಒಂದು ನಿಜ, ಹತ್ತು ಸುಳ್ಳು. ಪರೀಕ್ಷೆ ಅದೇ, ಊರು ಬೇರೆ. ಲಕ್ಷಣವಿಲ್ಲದವರಿಗೆ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿಯೇ ಸೋಂಕು ಖಚಿತಪಡಿಸುವುದು ಇದಕ್ಕಾಗಿ. ಮೇಲಾಗಿ, ಸೋಂಕು ತಗಲಿದ ಮೊದಲ ಕೆಲವು ವಾರ ಚೀಟಿಯಲ್ಲಿ ಏನೂ ಕಾಣಿಸದೆಯೂ ಇರಬಹುದು.

2004ರಲ್ಲಿ ಸರಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2014ರಿಂದ ಸೋಂಕಿತ ಬಸುರಿಗೆ ಒಂದು ಮಾತ್ರೆಯಲ್ಲ, ಜೀವನಪರ್ಯಂತ ಚಿಕಿತ್ಸೆ. 2017ರ ಕಾಯ್ದೆ ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಸರದಿಯಲ್ಲಿ ನಿಂತು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಈ ರಕ್ತ ಯಾತಕ್ಕೆ ಎಂದು ಕುಳಿತು ಹೇಳುವಷ್ಟು ಹೊತ್ತು ಸಿಸ್ಟರ್‌ಗೆ ಸಿಗುತ್ತದೆಯೇ?