ಬ್ರೇಕಿನ ಸದ್ದಿಗೂ ಸ್ವಲ್ಪ ಕಿವಿಗೊಡಿ



ಈ ಸಲ ಹಾಡಿನ ಮಾತಿಲ್ಲ, ಸಿನಿಮಾ ಮಾತೂ ಇಲ್ಲ. ನಿಮ್ಮ ಕಾರಿನ ಬ್ರೇಕಿನ ಮಾತು. ಹಬ್ಬಕ್ಕೋ ಮದುವೆಗೋ ಮಕ್ಕಳುಮರಿ ಸಮೇತ ಕಾರಿನಲ್ಲಿ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ ಜನ. ಮುಂಬೈನಿಂದ ಬೆಳಗಾವಿ ಕಡೆಗೆ ಹೊರಟವರು ಹೋಗುವಾಗ ಖಂಡಾಲಾ ಘಾಟ್ ಹತ್ತುತ್ತಾರೆ, ಬರುವಾಗ ಅದನ್ನೇ ಇಳಿಯುತ್ತಾರೆ. ಕರಾವಳಿಯವರಿಗೆ ಶಿರಾಡಿ, ಚಾರ್ಮಾಡಿ, ಆಗುಂಬೆ ಇದ್ದೇ ಇವೆ. ಘಾಟಿ ಹತ್ತುವಾಗ ಪರೀಕ್ಷೆ ಎಂಜಿನ್ನಿಗೆ, ಇಳಿಯುವಾಗ ಪರೀಕ್ಷೆ ಬ್ರೇಕಿಗೆ. ಎಂಜಿನ್ ಕೈಕೊಟ್ಟರೆ ರಸ್ತೆ ಪಕ್ಕದಲ್ಲಿ ನಿಂತು ಯಾರಿಗಾದರೂ ಫೋನ್ ಮಾಡಬಹುದು. ಬ್ರೇಕ್ ಕೈಕೊಟ್ಟರೆ ನಿಲ್ಲುವುದೇ ಕಷ್ಟ.

ಹೀಗಿದ್ದರೂ ಗ್ಯಾರೇಜಿನವನು ಪ್ಯಾಡ್, ಶೂ, ಸಿಲಿಂಡರ್, ಬೂಸ್ಟರ್ ಎಂದು ಪಟ್ಟಿ ಹೇಳುತ್ತಾ ಹೋದರೆ ನಾವು ಸುಮ್ಮನೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಈ ಹೆಸರುಗಳು ಅರ್ಥವಾಗಬೇಕಾದರೆ ಒಂದು ಸುಲಭದ ದಾರಿ ಇದೆ. ಅದು ಬ್ರೇಕಿನ ಚರಿತ್ರೆ. ಬ್ರೇಕಿನ ಒಂದೊಂದು ಭಾಗವೂ ಹಿಂದಿನದರ ಕುಂದನ್ನು ತುಂಬಲು ಬಂದದ್ದು. ಬರುವಾಗ ತನ್ನದೇ ಒಂದು ಕುಂದನ್ನೂ ಜೊತೆಗೆ ತಂದದ್ದು. ಆ ಕಥೆ ಗೊತ್ತಿದ್ದರೆ ನಿಮ್ಮ ಕಾರು ಏನು ಹೇಳುತ್ತಿದೆ ಎನ್ನುವುದೂ ಗೊತ್ತಾಗುತ್ತದೆ.

ಕಥೆ ಶುರುವಾಗುವುದು ಜರ್ಮನಿಯಲ್ಲಿ, 1888ರ ಆಗಸ್ಟ್ ತಿಂಗಳಲ್ಲಿ. ಮೋಟಾರು ಕಾರಿಗೆ 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಕಾರಿನಲ್ಲಿ ಹೊರಟುಬಿಟ್ಟರು. ದೂರ ಸುಮಾರು 100 ಕಿಲೋಮೀಟರ್. ಅಷ್ಟು ದೂರ ಕಾರಿನಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಆ ಕಾರಿಗಿದ್ದ ಬ್ರೇಕ್ ಎಂದರೆ ಚಕ್ರಕ್ಕೆ ಒತ್ತುವ ಮರದ ತುಂಡು. ಇಳಿಜಾರುಗಳಲ್ಲಿ ಉಜ್ಜಿ ಉಜ್ಜಿ ಮರ ಸವೆದುಹೋಯಿತು. ಬರ್ತಾ ದಾರಿಯಲ್ಲಿ ಸಿಕ್ಕ ಒಬ್ಬ ಮೋಚಿಯ ಹತ್ತಿರ ಆ ಮರಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಹೊರಟರು. ನಾವಿಂದು ಲೈನರ್ ಎನ್ನುವುದರ ಮೂಲ ಆ ಚರ್ಮದ ತುಂಡು.

ಅಂದಿನ ತತ್ವವೇ ಇಂದಿಗೂ ನಡೆದಿದೆ. ತಿರುಗುವ ಗಟ್ಟಿ ವಸ್ತುವಿಗೆ ಸವೆಯುವ ವಸ್ತುವೊಂದನ್ನು ಒತ್ತುತ್ತೇವೆ. ಕಾರಿನ ವೇಗ ಶಾಖವಾಗಿ ಹೊರಗೆ ಹೋಗುತ್ತದೆ. ಆದ್ದರಿಂದ ಪ್ಯಾಡ್ ಸವೆಯುವುದು ದೋಷವಲ್ಲ, ಅದು ಇರುವುದೇ ಸವೆಯುವುದಕ್ಕೆ. ಸವೆದದ್ದನ್ನು ನೋಡದೆ ಇರುವುದೇ ದೋಷ. ಈಗಿನ ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ‘ಕೀಂ’ ಎನ್ನುತ್ತದೆ. ಬೇಕೆಂದೇ ಇಟ್ಟಿರುವ ಎಚ್ಚರಿಕೆಯ ಸದ್ದು ಅದು. ಆ ಹಂತದಲ್ಲಿ ಪ್ಯಾಡ್ ಬದಲಾಯಿಸಿದರೆ ಸಾಕು. ಕೇಳಿಸಿದರೂ ಕೇಳಿಸದಂತೆ ಓಡಿಸಿದರೆ ಮುಂದೆ ‘ಗರಗರ’ ಸದ್ದು ಬರುತ್ತದೆ. ಅಂದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಆಗ ಡಿಸ್ಕಿನ ಖರ್ಚೂ ಸೇರಿಕೊಳ್ಳುತ್ತದೆ. ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಸಲ ಒತ್ತಿದಾಗ ಬರುವ ಸಣ್ಣ ಕೆರೆತಕ್ಕೆ ಹೆದರಬೇಡಿ. ಅದು ರಾತ್ರಿ ಹಿಡಿದ ತುಕ್ಕು, ತಾನೇ ಹೋಗುತ್ತದೆ.

ಮರದ ತುಂಡು ಮಳೆ, ಕೆಸರು, ಧೂಳಿಗೆ ತೆರೆದೇ ಇರುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಡ್ರಮ್ ಬ್ರೇಕ್. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಇದಕ್ಕೆ ರೂಪ ಕೊಟ್ಟರು. ಚಕ್ರದ ಜೊತೆ ತಿರುಗುವ ಡೋಲಿನಂಥ ಡಬ್ಬಿ, ಅದರ ಒಳಗೆ ಎರಡು ಕಮಾನಿನಾಕಾರದ ಶೂ. ಒತ್ತಿದರೆ ಶೂಗಳು ಅಗಲವಾಗಿ ಡಬ್ಬಿಯ ಒಳಮೈಗೆ ಕಚ್ಚುತ್ತವೆ. ಶಾಖ ತಡೆಯಲೆಂದು ಮುಂದೆ ಶೂಗಳ ಲೈನರ್‌ಗೆ ಕಲ್ನಾರು ಬೆರೆಸತೊಡಗಿದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ ಎಂದು ತಿಳಿದು ಯುರೋಪಿನ ಒಕ್ಕೂಟ ಅದನ್ನು 2005ರಲ್ಲಿ ಪೂರ್ತಿ ನಿಷೇಧಿಸಿತು. ಯಾವ ಲೈನರ್ ಆದರೂ ಅದರ ಧೂಳು ಒಳ್ಳೆಯದಲ್ಲ. ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿ ಗಾಳಿ ಹೊಡೆದು ಧೂಳು ಹಾರಿಸುವ ಹುಡುಗನಿಗೆ, ‘ಒದ್ದೆ ಬಟ್ಟೆಯಲ್ಲಿ ಒರೆಸಪ್ಪ’ ಎಂದು ಹೇಳಿ. ಅವನ ಆರೋಗ್ಯಕ್ಕೂ ಒಳ್ಳೆಯದು, ಪಕ್ಕದಲ್ಲಿ ನಿಂತ ನಿಮಗೂ ಒಳ್ಳೆಯದು.

2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಗೆ ಕೊನೆಯ ನಮಸ್ಕಾರ ಹೇಳಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಡ್ರಮ್ ಬ್ರೇಕಿನ ಕಾಲದವು. ಈಗಲೂ ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಗಳಲ್ಲಿ ಡ್ರಮ್ಮೇ ಇದೆ. ಡ್ರಮ್ಮಿನ ಕುಂದು ಏನೆಂದರೆ, ಶಾಖ ಒಳಗೇ ಉಳಿಯುತ್ತದೆ, ಹೊಕ್ಕ ನೀರೂ ಬೇಗ ಹೊರಗೆ ಬರುವುದಿಲ್ಲ. ಮಳೆ ನೀರು ನಿಂತ ರಸ್ತೆ ದಾಟಿದ ಮೇಲೆ, ಹಿಂದೆ ಮುಂದೆ ನೋಡಿಕೊಂಡು ನಿಧಾನವಾಗಿ ಓಡಿಸುತ್ತಾ ನಾಲ್ಕೈದು ಸಲ ಮೆತ್ತಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಮೊದಲಿಗಿಂತ ಹೆಚ್ಚು ಮೇಲಕ್ಕೆ ಎಳೆಯಬೇಕಾಗಿ ಬಂದರೆ ಹಿಂದಿನ ಶೂ ಸವೆದಿರಬಹುದು, ಇಲ್ಲವೇ ಕೇಬಲ್ ಸಡಿಲವಾಗಿರಬಹುದು. ಚಕ್ರದ ಒಳಮೈ ಒದ್ದೆಯಾಗಿ ಕಂಡರೆ ಡ್ರಮ್ಮಿನೊಳಗಿನ ಸಣ್ಣ ಸಿಲಿಂಡರ್ ಸೋರುತ್ತಿರಬಹುದು. ಆಯಿಲ್ ಕುಡಿದ ಲೈನರನ್ನು ತೊಳೆದು ಹಾಕುವುದು ಬೇಡ, ಬದಲಾಯಿಸಿ.

ಆ ಕಾಲದಲ್ಲಿ ಇನ್ನೊಂದು ತಲೆನೋವಿತ್ತು. ಪೆಡಲ್ಲಿನಿಂದ ಚಕ್ರದವರೆಗೆ ಸರಳು, ತಂತಿಗಳು ಹೋಗುತ್ತಿದ್ದವು. ಎಲ್ಲವನ್ನೂ ಸಮನಾಗಿ ಬಿಗಿಯುವುದು ಸುಲಭವಲ್ಲ. ಒಂದು ಬದಿ ಜಾಸ್ತಿ ಹಿಡಿದರೆ ಕಾರು ಆ ಕಡೆಗೇ ವಾಲುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅವರು ತಂತಿಯ ಬದಲು ಕೊಳವೆಯಲ್ಲಿ ದ್ರವ ತುಂಬುವ ಉಪಾಯ ಕಂಡುಕೊಂಡು 1917ರಲ್ಲಿ ಪೇಟೆಂಟ್ ಪಡೆದರು. ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ನೆನಪಿದೆಯಲ್ಲ? ಮುಚ್ಚಿದ ದ್ರವದ ಮೇಲೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕ್ ಬಂತು. 1924ರಲ್ಲಿ ಕ್ರೈಸ್ಲರ್ ಅದನ್ನು ಹೆಚ್ಚು ಜನರ ಕೈಗೆಟುಕುವ ಕಾರಿಗೂ ತಂದಿತು. ಫೋರ್ಡ್ ಮಾತ್ರ 1939ರ ಮಾದರಿಯವರೆಗೆ ಕಾದಿತು.

ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಇದೊಂದು ಮಾತು ನೆನಪಿದ್ದರೆ ಗ್ಯಾರೇಜಿನ ಅರ್ಧ ಪಾಠ ಮುಗಿದಂತೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಒಬ್ಬರು ಪೆಡಲ್ ಒತ್ತಿ ಹಿಡಿದು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ ‘ಏರ್ ತೆಗೆಯುವುದು’ ಇದಕ್ಕೇ. ಆದರೆ ಗಾಳಿ ಎಲ್ಲಿಂದ ಹೊಕ್ಕಿತು ಎಂದೂ ಕೇಳಿ. ಸೋರಿಕೆ ಹಾಗೆಯೇ ಉಳಿದರೆ ಗಾಳಿ ಮತ್ತೆ ಬರುತ್ತದೆ. ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲಿನ ಮೇಲೆ ಅನುಮಾನ ಪಡಿ. ಅಂಥ ಕಾರನ್ನು ಊರಿಗೆ ಒಯ್ಯಬೇಡಿ.

ಆ ದ್ರವವನ್ನು ನಾವೆಲ್ಲ ಬ್ರೇಕ್ ಆಯಿಲ್ ಎನ್ನುತ್ತೇವಾದರೂ ಸಾಮಾನ್ಯ ಕಾರುಗಳಲ್ಲಿ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಬಿದ್ದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಈ ದ್ರವಕ್ಕೆ ಗಾಳಿಯಲ್ಲಿನ ತೇವ ಹೀರುವ ಗುಣವೂ ಇದೆ. ಡಾಟ್ 3 ಎಂಬ ಮಟ್ಟದ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಹಳೆಯ ದ್ರವ ಕುದಿದು ಆವಿಯಾಗಬಹುದು. ಆವಿಯೂ ಗಾಳಿಯಂತೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮನೆಯಿಂದ ಹೊರಟಾಗ ಸರಿಯಿದ್ದ ಬ್ರೇಕ್ ಘಾಟಿಯ ತಿರುವಿನಲ್ಲಿ ‘ಇದ್ದಕ್ಕಿದ್ದಂತೆ’ ಹೋಯಿತು ಎನ್ನುವ ಕಥೆಗಳ ಹಿಂದೆ ಹಲವು ಸಲ ಇರುವುದು ಇದೇ. ಕಾರಿನ ಪುಸ್ತಕ ಬೇರೆ ಹೇಳದಿದ್ದರೆ 2 ವರ್ಷಕ್ಕೊಮ್ಮೆ ಈ ದ್ರವ ಬದಲಾಯಿಸಿ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಿ ಮರೆಯಬೇಡಿ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು.

ಡ್ರಮ್ಮಿನ ಶಾಖಕ್ಕೆ ಉತ್ತರವಾಗಿ ಬಂದದ್ದು ಡಿಸ್ಕ್. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು, ಆದರೆ ತಾಮ್ರದ ಪ್ಯಾಡುಗಳು ಕಿರುಚುವುದನ್ನು ಜನ ಸಹಿಸಲಿಲ್ಲ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಎಲ್ಲರ ಕಣ್ಣು ತೆರೆಯಿತು. 1955ರ ಸಿಟ್ರೊಯೆನ್ ಡಿಎಸ್ ಕಾರಿನ ಮುಂಚಕ್ರಗಳಿಗೆ ಡಿಸ್ಕ್ ಬಂತು. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ. ಆದರೆ ಅದರ ಮೈ ಏರುಪೇರಾದರೆ ಬ್ರೇಕ್ ಒತ್ತಿದಾಗ ಪೆಡಲ್, ಸ್ಟೇರಿಂಗ್ ನಡುಗುತ್ತವೆ. ಲೇತ್‌ಗೆ ಹಾಕಿ ಸಮ ಮಾಡಿಸಬಹುದು, ಆದರೆ ಕಂಪನಿ ಹೇಳಿದ ಕನಿಷ್ಠ ದಪ್ಪ ಉಳಿದಿರಬೇಕು. ಆ ಅಂಕಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಇರುತ್ತದೆ. ಕಾರು ಒಂದು ಬದಿಗೆ ಎಳೆದರೆ, ಒಂದೇ ಚಕ್ರದ ಬಳಿ ಸುಟ್ಟ ವಾಸನೆ ಬಂದರೆ, ಪ್ಯಾಡ್ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಬಿಸಿಯಾದ ಚಕ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಯಾಡ್ ಆಗಲಿ ಶೂ ಆಗಲಿ, ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಾಯಿಸಬೇಕು. ಇದು ಗ್ಯಾರೇಜಿನವನ ಆಸೆಬುರುಕತನವಲ್ಲ, ಸರಿಯಾದ ಕ್ರಮ.

ಡಿಸ್ಕಿಗೆ ಕಾಲಿನ ಬಲ ಜಾಸ್ತಿ ಬೇಕು. ಅದಕ್ಕೇ ನೆರವಿಗೆ ಬಂದದ್ದು ಬೂಸ್ಟರ್. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು ಎಂಜಿನ್ನಿನ ಎಳೆತದಿಂದ ಕೆಲಸ ಮಾಡುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದರೆ ಬೂಸ್ಟರ್ ಅಥವಾ ಅದರ ಪೈಪ್ ನೋಡಿಸಿ. ಪೆಟ್ರೋಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಲಿ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಆ ನೆರವು ಮುಗಿಯುತ್ತದೆ.

ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮ ದೇಶದ ಹೊಸ ಕಾರುಗಳಿಗೆ 2019ರಲ್ಲಿ ಕಡ್ಡಾಯವಾಯಿತು. ತುರ್ತಾಗಿ ಒತ್ತಿದಾಗ ಪೆಡಲ್ ಕಾಲಡಿಯಲ್ಲಿ ‘ಟಕಟಕ’ ಎಂದರೆ ಗಾಬರಿಯಾಗಿ ಕಾಲು ತೆಗೆಯಬೇಡಿ. ಅದು ಕೆಟ್ಟದ್ದಲ್ಲ, ಕೆಲಸ ಮಾಡುತ್ತಿದೆ.

ಆದರೆ ಎಬಿಎಸ್ ಬಂದರೂ ಬೂಸ್ಟರ್ ಬಂದರೂ ಕೊನೆಗೆ ಕಾರನ್ನು ನಿಲ್ಲಿಸುವುದು ಬರ್ತಾ ಬೆಂಜ್ ಹೊಡೆಸಿದ ಚರ್ಮದಂಥ ಸವೆಯುವ ತುಂಡೇ. ಅದಕ್ಕೆ ವಿಶ್ರಾಂತಿ ಬೇಕು. ಘಾಟಿ ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯಲಿ. ಬ್ರೇಕನ್ನು ಬೇಕಾದಾಗ ಮಾತ್ರ ಒತ್ತಿ. ಹೊರಡುವ ಒಂದು ವಾರ ಮೊದಲು ಗ್ಯಾರೇಜಿಗೆ ಹೋಗಿ, ತೆಗೆದ ಹಳೆಯ ಪ್ಯಾಡನ್ನು ತೋರಿಸಲು ಹೇಳಿ. ಹೊಸ ಪ್ಯಾಡ್ ಹಾಕಿಸಿದ ಮೇಲೆ ಕಾರು ಹೊರಡುವ ಮುನ್ನ ಪೆಡಲ್ಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಿ ನೋಡಿ.

ಕೊನೆಯದಾಗಿ ಒಂದು ಕೋರಿಕೆ. ರೇಡಿಯೋದವರು ಕೇಳಬಾರದ ಕೋರಿಕೆ. ವಾರಕ್ಕೊಮ್ಮೆ ಐದು ನಿಮಿಷ, ನಮ್ಮ ಕಾರ್ಯಕ್ರಮ ಬರುತ್ತಿದ್ದರೂ ಸರಿಯೇ, ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿ, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ಕೇಳಿ. ಏನೂ ಕೇಳಿಸದಿದ್ದರೆ ಸಂತೋಷ, ಮತ್ತೆ ನಮ್ಮನ್ನು ಹಾಕಿಕೊಳ್ಳಿ. ಏನಾದರೂ ಕೇಳಿಸಿದರೆ ಹಾಡು ಆಮೇಲೆ, ಗ್ಯಾರೇಜು ಮೊದಲು.

ಸುಖವಾಗಿ ಹೋಗಿ ಬನ್ನಿ. ನಮಸ್ಕಾರ.