ಗಾಳ, ಕೊರಮೀನು ಮತ್ತು ಕೆರೆಯ ಕೊನೇ ಗುಂಡಿ

ನಮ್ಮದು ಮಳೆ ನಂಬಿ ಬದುಕೋ ಸೀಮೆ. ಹಿಂದೂಪುರದ ಕಡೆ ಪೆನ್ನೇರು, ಜಯಮಂಗಲಿ. ಕಲ್ಯಾಣದುರ್ಗದ ಕಡೆ ವೇದಾವತಿ. ಹೆಸರಿಗೆ ಹೊಳೆಗಳು, ವರ್ಷದಲ್ಲಿ ಬಹಳ ದಿನ ಬರೀ ಮರಳು. ಇಂಥ ಕಡೆ ಮೀನಿಗೆ ಚರಿತ್ರೆ ಏನಪ್ಪಾ ಅಂತ ನೀವು ನಗಬಹುದು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಗಾಳ ಹಿಡಿದ ಕೈ ಇದು. ಕಂಡದ್ದನ್ನೂ, ನಮ್ಮೂರ ಮೇಷ್ಟ್ರು ಪುಸ್ತಕ ನೋಡಿ ಹೇಳಿದ್ದನ್ನೂ ಸೇರಿಸಿ ಬರೆದಿದ್ದೀನಿ.

ಗಾಳ ಹಾಕೋದು ಕೆಲಸವಿಲ್ಲದವರ ಕಸುಬು ಅಂತಾರೆ. ಹಂಗಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಮಾನಸೋಲ್ಲಾಸ ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆಸಿದ. ಅದರಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಭಾಗ ಐತೆ. ಕೋಲು, ದಾರ, ಕೊಕ್ಕೆ ಹೆಂಗಿರಬೇಕು, ಯಾವ ಮೀನಿಗೆ ಯಾವ ಮೇವು, ಎಲ್ಲಾ ಅದರಲ್ಲಿದೆ. ಕನ್ನಡ ನಾಡನ್ನಾಳಿದ ದೊರೆಯೇ ಗಾಳವನ್ನು ಒಂದು ವಿದ್ಯೆ ಅಂತ ಎಣಿಸಿದ್ದ.

ಇಂಗ್ಲಿಷಿನವರ ದೇಶದಲ್ಲಿ ಚಳಿ ಕಳೆದು ವಸಂತ ಬರೋ ಹೊತ್ತಿಗೆ ಟ್ರೌಟ್ ಅನ್ನೋ ಮೀನಿಗೆ ಗಾಳ ಹಾಕೋದು ದೊಡ್ಡ ಸಂಭ್ರಮ. ಕೊಕ್ಕೆಗೆ ಹಕ್ಕಿಪುಕ್ಕ, ನೂಲು ಸುತ್ತಿ ನೊಣದಂಗೆ ಮಾಡಿ ನೀರಿನ ಮೇಲೆ ಬೀಸ್ತಾರೆ. ಆ ಮೀನಿಗೆ ತಣ್ಣೀರೇ ಬೇಕು. ಅದಕ್ಕೇ ಅವರು ಅದನ್ನ ನೀಲಗಿರಿ ಬೆಟ್ಟಕ್ಕೆ ತಂದು ಬಿಟ್ಟರು. ನಮ್ಮ ಬಿಸಿಲಿಗೆ ಅದು ಒಂದು ದಿನವೂ ತಡೆಯೋದಿಲ್ಲ.

ನಮಗೂ ಅದೇ ಕಾಲ ಗಾಳದ ಕಾಲ. ಸಂಕ್ರಾಂತಿ ದಾಟಿ ಶಿವರಾತ್ರಿ ಬಂದರೆ ಚಳಿ ಶಿವ ಶಿವ ಅಂತ ಹೋಗ್ತದೆ. ಕೆರೆ ನೀರು ಇಳಿದಿರ್ತದೆ. ಚಳಿಯಲ್ಲಿ ಕೆಳಗೆ ಮಲಗಿದ್ದ ಕೊರಮೀನು ಎಳೆಬಿಸಿಲಿಗೆ ಮೇಲೆ ಬರ್ತದೆ. ಅದು ಮನುಷ್ಯರಂಗೆ ಗಾಳಿ ಕುಡಿಯೋ ಮೀನು. ಆಗಾಗ ಮೂತಿ ಮೇಲೆತ್ತಲೇಬೇಕು. ನಮ್ಮ ಸೋದರಮಾವ ದಡದಲ್ಲಿ ಅಲ್ಲಾಡದೆ ಕೂತು ಆ ಗುಳ್ಳೆಯನ್ನೇ ನೋಡೋನು. ಆಮೇಲೆ ಸಣ್ಣ ಕಪ್ಪೆ ಸಿಕ್ಕಿಸಿದ ಗಾಳವನ್ನು ನೀರಿನ ಮೇಲೆ ಕುಪ್ಪಳಿಸೋ ಹಂಗೆ ಎಳೆಯೋನು. ಅವರ ನೊಣ, ನಮ್ಮ ಕಪ್ಪೆ, ಉಪಾಯ ಒಂದೇ.

ಒಂದು ದಿನ ನಾನು ಇನ್ನೊಂದು ಹಿಡಿ ಮಾವ ಅಂತ ಹಟ ಮಾಡಿದೆ. "ಸಾಕು ಕಣೋ, ಹಿಟ್ಟಿಗೆ ಸಾರಾಯ್ತಲ್ಲ. ಉಳಿದದ್ದು ಕೆರೆದು" ಅಂದ. ಮಳೆಗಾಲದಲ್ಲಿ ಕೊರಮೀನಿನ ಮರಿ ಕೆಂಪು ಚೆಂಡಿನಂಗೆ ಗುಂಪಾಗಿ ತೇಲ್ತವೆ, ತಾಯಿ ತಂದೆ ಕೆಳಗೆ ಕಾವಲಿರ್ತವೆ. ಅಲ್ಲಿ ಮಾವ ಗಾಳ ಹಾಕಿದ್ದನ್ನ ನಾನು ಕಾಣೆ. ಬೇಸಿಗೆಯಲ್ಲಿ ತೂಬಿನ ಹತ್ತಿರ ಉಳಿಯೋ ಕೊನೇ ಗುಂಡಿಗೆ ನಮ್ಮೂರಲ್ಲಿ ಯಾರೂ ಬಲೆ ಇಳಿಸ್ತಿರಲಿಲ್ಲ. ಗುಂಡಿ ಬತ್ತಿದರೂ ಕೊರಮೀನು ಹಸಿ ಕೆಸರೊಳಗೆ ಹುದುಗಿ ಮಳೆ ಬರೋವರೆಗೂ ಜೀವ ಹಿಡಿದಿರ್ತದೆ. ಮುಂದಿನ ವರ್ಷದ ಬೀಜ ಅದೇ.

ಈ ಮಾತನ್ನ ಒಬ್ಬ ದೊರೆಯೂ ಹೇಳಿದ್ದ. ಹೆನ್ರಿ ಸಲಿವನ್ ಥಾಮಸ್ ಅಂತ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವನು. ಗಾಳದ ಮೇಲೆ 1873ರಲ್ಲಿ ಮಂಗಳೂರಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದ. 1887ರಲ್ಲಿ ಕೆರೆಯ ಗಾಳದ ಮೇಲೇ ಇನ್ನೊಂದು ಬರೆದ. ಸಣ್ಣ ಕಣ್ಣಿನ ಬಲೆ, ವಿಷ ಇವುಗಳಿಂದ ಮರಿಗಳು ನಾಶ ಆಗ್ತಾವೆ, ನಿಲ್ಲಿಸಿ ಅಂತ ವಾದ ಮಾಡಿದ. 1897ರಲ್ಲಿ ಕಾಯಿದೆಯೇ ಬಂತು: ನೀರಿಗೆ ಮದ್ದುಗುಂಡು, ವಿಷ ಹಾಕಿ ಮೀನು ಹಿಡಿಯೋದು ಅಪರಾಧ.

ಕಾಯಿದೆ ಇದ್ದರೇನು? ನಾನು ನಡುವಯಸ್ಸಿನಲ್ಲಿದ್ದಾಗ ಒಂದು ಬೇಸಿಗೆ, ನಮ್ಮೂರ ಕೆರೆಯ ಕೊನೇ ಗುಂಡಿಗೆ ಮೋಟರು ಇಟ್ಟು ನೀರು ಎತ್ತಿಬಿಟ್ಟರು. ಕೆಸರನ್ನೂ ತಡಕಾಡಿ ಮೀನೆಲ್ಲ ಮೂಟೆ ಕಟ್ಟಿದರು. ನಾನೂ ನನ್ನ ಪಾಲು ತಂದೆ, ಸುಳ್ಳು ಹೇಳಲ್ಲ. ಮಾರನೇ ವರ್ಷ ಮಳೆಯಾಯ್ತು, ಕೆರೆ ತುಂಬ್ತು, ಕೆಂಪು ಚೆಂಡು ಮಾತ್ರ ಕಾಣಲಿಲ್ಲ.

ಈಗ ಕೆರೆಗಳಲ್ಲಿರೋದು ಕಾಟ್ಲಾ, ರೋಹು, ಜಿಲೇಬಿ. ಜಿಲೇಬಿ 1952ರಲ್ಲಿ ಹೊರದೇಶದಿಂದ ಬಂದದ್ದು. ಕಾಟ್ಲಾ, ರೋಹು ಉತ್ತರದ ದೊಡ್ಡ ಹೊಳೆಗಳ ಮೀನು. 1957ರಲ್ಲಿ ಹೀರಾಲಾಲ್ ಚೌಧರಿ ಅನ್ನೋ ವಿಜ್ಞಾನಿ ಸೂಜಿಮದ್ದು ಕೊಟ್ಟು ಆ ಜಾತಿ ಮೀನಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಎಲ್ಲಾ ಕಡೆ ಸಿಗೋ ಹಂಗಾಯ್ತು. ಅದರಿಂದ ಬಡವರ ತಟ್ಟೆಗೆ ಮೀನು ಬಂತು, ಇಲ್ಲ ಅನ್ನಲ್ಲ. ಆದರೆ ನಿಂತ ನೀರಲ್ಲಿ ಕಾಟ್ಲಾ, ರೋಹು ಮರಿ ಮಾಡೋದಿಲ್ಲ. ವರ್ಷಾವರ್ಷ ದುಡ್ಡು ಕೊಟ್ಟು ತಂದು ಬಿಡಬೇಕು. ಕೊರಮೀನಿಗೆ ಯಾರೂ ಕಾಸು ಕೊಟ್ಟಿರಲಿಲ್ಲ.

ಹಾಗಂತ ಎಲ್ಲಾ ಮುಗಿದುಹೋಗಿಲ್ಲ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಆ ವೇದಾವತಿಯೇ ಕೆಳಗೆ ನಮ್ಮ ಭೈರವಾನಿತಿಪ್ಪ ಅಣೆಕಟ್ಟಿಗೆ ಬರೋದು. ಅಷ್ಟು ವರ್ಷದ ಮೇಲೂ ಕೋಡಿ ಹರೀತದೆ ಅಂದ ಮೇಲೆ, ನೀರು ಬಂದಾಗ ಬೀಜ ಇರಬೇಕಲ್ಲ?

ರಾಗಿ ಬೆಳೆಯೋರು ನಾವು. ಎಷ್ಟೇ ಬರ ಬಂದರೂ ಬಿತ್ತನೆ ರಾಗಿಯನ್ನ ಬೀಸಿ ತಿನ್ನೋರಲ್ಲ. ಕೆರೆಗೂ ಅದೇ ಲೆಕ್ಕ. ಪ್ರತಿ ಊರೂ ತನ್ನ ಕೆರೆಯಲ್ಲಿ ಒಂದು ಗುಂಡಿ ಮುಟ್ಟದೆ ಬಿಡಲಿ. ಮೇಷ್ಟ್ರುಗಳು ಶಿವರಾತ್ರಿ ಹೊತ್ತಿಗೆ ಮಕ್ಕಳನ್ನ ದಡಕ್ಕೆ ಕರ್ಕೊಂಡು ಹೋಗಿ ಆ ಗುಳ್ಳೆ ತೋರಿಸಲಿ.