ತಾಳೆಮರದ ಸಬ್ಸಿಡಿ ಕಥೆ

ಶಂಕರಘಟ್ಟದ ಹತ್ತಿರ ನಮ್ಮ ದೊಡ್ಡಪ್ಪನ ಅಡಿಕೆ ತೋಟದ ಬೇಲಿ ಪಕ್ಕ ಒಂದೇ ಒಂದು ತಾಳೆಮರ ಉಳಿದಿದೆ. ತಾಟಿನಿಂಗಿನ ಮರ ಅಲ್ಲ ಮತ್ತೆ, ಆಫ್ರಿಕಾ ಮೂಲದ ಎಣ್ಣೆ ತಾಳೆ. ಚಿಕ್ಕವನಿದ್ದಾಗ ಅದರ ಮುಳ್ಳು ಚುಚ್ಚಿಸಿಕೊಂಡಿದ್ದು ಬಿಟ್ಟರೆ ನನಗೂ ಅದಕ್ಕೂ ಸಂಬಂಧ ಇರಲಿಲ್ಲ. ಈ ಸಲ ಹಬ್ಬಕ್ಕೆ ಹೋದಾಗ ಕೇಳಿದೆ. "ಸಬ್ಸಿಡಿ ಕೊಟ್ರು, ಹಾಕಿದ್ವಿ. ರೇಟು ಬಿತ್ತು, ಕಡಿದ್ವಿ ಮಾರಾಯ" ಅಂದ್ರು. ಅಷ್ಟೇ!

ನನಗೆ ಸಮಾಧಾನ ಆಗಲಿಲ್ಲ, ಹುಡುಕುತ್ತಾ ಕೂತೆ. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. ಸುಮಾರು ಒಂದು ಕೋಟಿ ಟನ್ ಇದ್ದ ದೇಶದ ಎಣ್ಣೆಬೀಜದ ಬೆಳೆ ಏಳೆಂಟು ವರ್ಷದಲ್ಲಿ ಎರಡು ಕೋಟಿ ದಾಟಿತು. ಭದ್ರಾ ಅಚ್ಚುಕಟ್ಟಿಗೆ ತಾಳೆ ಬಂದದ್ದೂ ಆ ಹುರುಪಿನಲ್ಲೇ. ಆದರೆ ಶೇಂಗಾದ ಹಾಗಲ್ಲ ಇದು. ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು, ಕೊಯ್ದ ಗೊನೆ ಒಂದು ದಿನದೊಳಗೆ ಮಿಲ್ ಸೇರಬೇಕು.

ಅಷ್ಟರಲ್ಲಿ 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಆಗ ಸುಂಕ ಶೇ. 65, 1998ರ ಹೊತ್ತಿಗೆ ಶೇ. 15! ಗಿಡಕ್ಕೆ ದುಡ್ಡು ಕೊಟ್ಟದ್ದೂ ದೆಹಲಿ, ಸುಂಕ ಇಳಿಸಿದ್ದೂ ದೆಹಲಿ. ಮರ ಫಸಲಿಗೆ ಬರೋಕೆ ಬೇಕಾದಷ್ಟೇ ಸಮಯದಲ್ಲಿ (ನಮ್ಮ ಆಫೀಸಲ್ಲೂ ಹೀಗೇ, ಒಂದು ಟೀಮ್ ಬರೆದದ್ದನ್ನ ಇನ್ನೊಂದು ಟೀಮ್ ಅಳಿಸುತ್ತೆ).

2021ರಲ್ಲಿ ಮತ್ತೆ ₹11,040 ಕೋಟಿಯ ತಾಳೆ ಮಿಷನ್ ಬಂತು. ಸಸಿಗೆ ಹೆಕ್ಟೇರಿಗೆ ₹12,000 ಇದ್ದ ನೆರವು ₹29,000 ಆಯಿತು, ಬೆಲೆ ಕುಸಿದರೆ ವ್ಯತ್ಯಾಸ ನೇರ ರೈತನ ಖಾತೆಗೆ ಅನ್ನೋ ಭರವಸೆ ಬೇರೆ. ದೊಡ್ಡಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. "ಸುಂಕ ಎಷ್ಟಿದೆ?" ಅಂದ್ರು.

ಕಚ್ಚಾ ತಾಳೆ ಎಣ್ಣೆಗೆ 2024ರ ಸೆಪ್ಟೆಂಬರಿನಲ್ಲಿ ಮೂಲ ಸುಂಕ ಶೇ. 20 ಮಾಡಿದ್ದರು. 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಸಿದರು.